ಒಂದೇ ಗೇರಿನ ಮೌಂಟೇನ್ ಬೈಕ್: ಲಾಭ, ನಷ್ಟ ಮತ್ತು ಹಲ್ಲಿನ ಲೆಕ್ಕ

ಜುಲೈ ತಿಂಗಳ ಮಳೆ. ಮೂಡಿಗೆರೆ ಕಡೆಯ ಒಂದು ಎಸ್ಟೇಟ್ ರೋಡು. ಕೆಂಪು ಮಣ್ಣಿನ ಜೊತೆ ಸಿಲ್ವರ್ ಓಕ್ ಎಲೆ, ಪುರಲೆ, ಎಲ್ಲಾ ಟೈರಿಗೆ ಮೆತ್ತಿಕೊಂಡು ಚಕ್ರ ತಿರುಗುವುದೇ ಕಷ್ಟವಾಗಿತ್ತು. ಒಂದು ಏರು ಬಂತು, ಗೇರ್ ಇಳಿಸಿದೆ. ಚಟ್ ಅಂತ ಸದ್ದಾಯಿತು. ಹಿಂದಿನ ಡಿರೇಲರ್ ಚಕ್ರದ ಕಡ್ಡಿಗಳ ಮಧ್ಯೆ ಸಿಕ್ಕಿ ತಿರುಚಿಕೊಂಡಿತ್ತು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ ಅದು. ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಪುಟ್ಟ ಅಲ್ಯೂಮಿನಿಯಂ ತುಂಡು ಎರಡಾಗಿತ್ತು.

ಸೈಕಲ್ ತಳ್ಳಿಕೊಂಡು ಪೇಟೆಗೆ ಬಂದೆ. ಸೈಕಲ್ ಶಾಪಿನ ಹಿರಿಯರು ಕೂತು ನೋಡಿದರು. "ಈ ಪೀಸು ಇಲ್ಲೆಲ್ಲೂ ಸಿಗಲ್ಲ ಮಾರಾಯ್ರೆ, ಬೆಂಗಳೂರಿಂದ ತರಿಸ್ಬೇಕು. ಚೈನ್ ಕಟ್ ಮಾಡಿ ಒಂದೇ ಗೇರಿಗೆ ಹಾಕಿ ಕೊಡ್ತೀನಿ. ಸದ್ಯಕ್ಕೆ ಓಡಿಸಿ" ಎಂದರು. ಹತ್ತೇ ನಿಮಿಷದ ಕೆಲಸ. ಡಿರೇಲರ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಚೈನನ್ನು ಗಿಡ್ಡ ಮಾಡಿ ಹಿಂದಿನ ಒಂದು ಮಧ್ಯದ ಹಲ್ಲುಚಕ್ರದ ಮೇಲೆ ಕೂರಿಸಿದರು.

ಹ್ಯಾಂಗರ್ ಬರಲು ಎರಡು ವಾರ ಹಿಡಿಯಿತು. ಆ ಎರಡು ವಾರ ಅದೇ ರಸ್ತೆಯಲ್ಲಿ, ಅದೇ ಮಳೆಯಲ್ಲಿ ಒಂದೇ ಗೇರಿನಲ್ಲಿ ಓಡಿಸಿದೆ. ಕೆಲವು ಕಡೆ ಇಳಿದು ತಳ್ಳಿದೆ. ಕೆಲವು ಏರುಗಳನ್ನು, ಹಿಂದೆ 12 ಗೇರ್ ಇದ್ದಾಗ ಹತ್ತಿದ್ದಕ್ಕಿಂತ ಬೇಗ ಹತ್ತಿದೆ. ಇದು ಹೇಗೆ ಎಂಬ ಪ್ರಶ್ನೆ ತಲೆಯಲ್ಲಿ ಉಳಿಯಿತು. ಇವತ್ತು ನನ್ನ ಹತ್ತಿರ ಒಂದೇ ಗೇರಿನ ಮೌಂಟೇನ್ ಬೈಕೂ ಇದೆ, ಗೇರ್ ಇರುವುದೂ ಇದೆ. ಎರಡನ್ನೂ ಓಡಿಸುತ್ತೇನೆ. ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಒಂದೇ: ಹಲ್ಲು ಎಣಿಸಿ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಒಂದೇ ಗೇರಿನ ಸೈಕಲ್ಲಿಗೆ ಸಿಂಗಲ್ ಸ್ಪೀಡ್ ಎನ್ನುತ್ತಾರೆ. ಸಿಂಗಲ್ ಸ್ಪೀಡ್ ಬೇರೆ, ಫಿಕ್ಸಿ ಬೇರೆ. ಫಿಕ್ಸಿಯಲ್ಲಿ ಚಕ್ರ ತಿರುಗಿದಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು, ಕಾಲು ನಿಲ್ಲಿಸುವ ಹಾಗಿಲ್ಲ. ಸಿಂಗಲ್ ಸ್ಪೀಡಿನಲ್ಲಿ ಫ್ರೀವೀಲ್ ಇರುತ್ತದೆ. ಇಳಿಜಾರಿನಲ್ಲಿ ತುಳಿಯದೆ ಸುಮ್ನೆ ನಿಂತುಕೊಂಡು ಇಳಿಯಬಹುದು. ನಮ್ಮ ಅಪ್ಪ, ಅಜ್ಜಂದಿರ ಕಪ್ಪು ಸೈಕಲ್ಲುಗಳೆಲ್ಲ ಸಿಂಗಲ್ ಸ್ಪೀಡೇ. ನಮ್ಮ ರಾಜ್ಯ ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳೂ ಅವೇ. ಅಂದರೆ ಕರ್ನಾಟಕದಲ್ಲಿ ಸೈಕಲ್ ಕಲಿತ ಬಹುಪಾಲು ಜನ ಒಂದೇ ಗೇರಿನಲ್ಲೇ ಕಲಿತಿದ್ದಾರೆ. ನಮಗೆ ಹೊಸದು ಏನೆಂದರೆ, ಗೇರ್ ಸೈಕಲ್ ಕೊಳ್ಳುವಷ್ಟು ದುಡ್ಡು ಇದ್ದವರು ಬೇಕೆಂದೇ ಅದನ್ನು ಬಿಡುತ್ತಾರೆ ಎನ್ನುವುದು.

ಒಂದು ತುಳಿತಕ್ಕೆ ಎಷ್ಟು ಮೀಟರ್?

ಸಿಂಗಲ್ ಸ್ಪೀಡಿನ ಎಲ್ಲಾ ಸುಖ, ಎಲ್ಲಾ ಕಷ್ಟ ಒಂದೇ ಅಂಕಿಯಿಂದ ಹುಟ್ಟುತ್ತವೆ. ಆ ಅಂಕಿ ತೆಗೆಯುವುದು ಸುಲಭ.

ಮುಂದಿನ ಚೈನ್‌ವೀಲಿನಲ್ಲಿ 32 ಹಲ್ಲು, ಹಿಂದೆ 20 ಹಲ್ಲು ಇದೆ ಎಂದುಕೊಳ್ಳಿ. ಪೆಡಲ್ ಪೂರ್ತಿ ಒಂದು ಸುತ್ತು ಬಂದರೆ 32 ಹಲ್ಲಿನಷ್ಟು ಚೈನ್ ಮುಂದೆ ಎಳೆದುಕೊಳ್ಳುತ್ತದೆ. ಹಿಂದೆ ಇರುವುದು 20 ಹಲ್ಲು. ಹಾಗಾಗಿ ಹಿಂದಿನ ಚಕ್ರ 32 ಭಾಗಿಸು 20, ಅಂದರೆ 1.6 ಸುತ್ತು ತಿರುಗುತ್ತದೆ. 29 ಇಂಚಿನ ಚಕ್ರದ ಸುತ್ತಳತೆ ದಪ್ಪ ಟೈರು ಸೇರಿ ಸುಮಾರು 2.3 ಮೀಟರ್. ಗುಣಿಸಿದರೆ ಸುಮಾರು 3.7 ಮೀಟರ್. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ 3.7 ಮೀಟರ್ ಮುಂದೆ ಹೋಗುತ್ತದೆ. ಈ 3.7 ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಲೇಖನದ ಕೊನೆಯವರೆಗೂ ಅದು ಬರುತ್ತಿರುತ್ತದೆ.

ಈಗಿನ 12 ಗೇರಿನ ಮೌಂಟೇನ್ ಬೈಕಿನಲ್ಲಿ ಹಿಂದೆ 10 ಹಲ್ಲಿನಿಂದ 50 ಹಲ್ಲಿನವರೆಗೆ ಚಕ್ರಗಳಿರುವುದು ಸಾಮಾನ್ಯ. ಮುಂದೆ ಅದೇ 32 ಇದ್ದರೆ ಒಂದು ತುಳಿತಕ್ಕೆ ಕಡಿಮೆ ಎಂದರೆ 1.5 ಮೀಟರ್, ಜಾಸ್ತಿ ಎಂದರೆ 7.4 ಮೀಟರ್. ಕಡಿದಾದ ಏರಿನಲ್ಲಿ 1.5, ಡಾಂಬರು ಇಳಿಜಾರಿನಲ್ಲಿ 7.4. ಗೇರ್ ಎಂದರೆ ಇಷ್ಟೇ. ನೆಲ ಹೇಗಿದ್ದರೂ ಕಾಲು ಮಾತ್ರ ತನಗೆ ಹಿತವಾದ ವೇಗದಲ್ಲೇ ತಿರುಗುವ ಹಾಗೆ ನೋಡಿಕೊಳ್ಳುವ ಏರ್ಪಾಡು. ಸಿಂಗಲ್ ಸ್ಪೀಡಿನಲ್ಲಿ ಈ ಏರ್ಪಾಡು ಇಲ್ಲ. ನೆಲ ಬದಲಾದರೆ ಕಾಲೇ ಬದಲಾಗಬೇಕು.

ಎಷ್ಟು ಬದಲಾಗಬೇಕು? ನಿಮಿಷಕ್ಕೆ 60 ಸುತ್ತು ತುಳಿದರೆ 3.7 ಮೀಟರಿನ ಸೈಕಲ್ ಗಂಟೆಗೆ ಸುಮಾರು 13 ಕಿ.ಮೀ. ವೇಗದಲ್ಲಿ ಹೋಗುತ್ತದೆ. 90 ಸುತ್ತಿಗೆ 20 ಕಿ.ಮೀ. ಇದರ ಮಧ್ಯೆ ಇರುವಾಗ ಒಂದೇ ಗೇರ್ ಇದೆ ಎನ್ನುವುದೇ ಮರೆತುಹೋಗುತ್ತದೆ. ಕಾಡಿನ ಕಾಲುದಾರಿ, ತೋಟದ ದಾರಿಗಳಲ್ಲಿ ನಮ್ಮ ವೇಗ ಹೆಚ್ಚಾಗಿ ಇಷ್ಟರಲ್ಲೇ ಇರುತ್ತದೆ. ಒಂದೇ ಗೇರಿನ ಮೌಂಟೇನ್ ಬೈಕ್ ಜನರಿಗೆ ಇಷ್ಟವಾಗಲು ಮೊದಲ ಕಾರಣ ಇದು. ಕಷ್ಟ ಇರುವುದು ಈ ಹರವಿನ ಎರಡು ತುದಿಗಳಲ್ಲಿ.

ಏರು

100 ಮೀಟರ್ ಹೋಗುವಷ್ಟರಲ್ಲಿ 10 ಮೀಟರ್ ಮೇಲೇರುವ ರಸ್ತೆ ನಮ್ಮ ಮಲೆನಾಡಿನಲ್ಲಿ ಅಪರೂಪವೇನಲ್ಲ. ಎಸ್ಟೇಟ್ ಒಳಗಿನ ದಾರಿಗಳು ಇದಕ್ಕಿಂತ ಕಡಿದಾಗಿರುತ್ತವೆ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲಾ ಸೇರಿ 85 ಕಿಲೋ ಎಂದುಕೊಳ್ಳಿ. ಗೇರ್ ಸೈಕಲ್ಲಿನ ಸವಾರ ಅತಿ ಸಣ್ಣ ಗೇರಿಗೆ ಇಳಿದು ನಿಮಿಷಕ್ಕೆ 60 ಸುತ್ತು ತುಳಿಯುತ್ತಾನೆ. ಗಂಟೆಗೆ 5 ಕಿ.ಮೀ. ಚಿಲ್ಲರೆ ವೇಗ. ಆ ಭಾರವನ್ನು ಮೇಲೆತ್ತಲು ಬೇಕಾಗುವ ಶಕ್ತಿ ಸುಮಾರು 120 ವ್ಯಾಟ್. ಆರೋಗ್ಯವಾಗಿರುವ, ದಿನಾ ಸೈಕಲ್ ತುಳಿಯುವ ಯಾರು ಬೇಕಾದರೂ ಇದನ್ನು ತುಂಬಾ ಹೊತ್ತು ಕೊಡಬಲ್ಲರು.

ಒಂದೇ ಗೇರಿನವನಿಗೆ ಹೀಗೆ ನಿಧಾನ ಮಾಡುವ ಅನುಕೂಲ ಇಲ್ಲ. ನಿಮಿಷಕ್ಕೆ 40 ಸುತ್ತಿಗಿಂತ ಕೆಳಗೆ ಬಂದರೆ ಸೈಕಲ್ ತೂಗಾಡಲು ಶುರುವಾಗುತ್ತದೆ, ಪೆಡಲ್ ಮೇಲೆ ಬಂದಾಗ ನಿಂತೇ ಬಿಡುತ್ತದೆ. 40 ಸುತ್ತು ಎಂದರೂ 3.7 ಮೀಟರ್ ಲೆಕ್ಕದಲ್ಲಿ ಗಂಟೆಗೆ ಸುಮಾರು 9 ಕಿ.ಮೀ. ಅದಕ್ಕೆ ಬೇಕಾಗುವುದು 200 ವ್ಯಾಟ್. ಹಳೆಯ ಕಾಲದ 100 ವ್ಯಾಟಿನ ಎರಡು ಬಲ್ಬನ್ನು ಕಾಲಿನಿಂದ ಉರಿಸಿದ ಹಾಗೆ. ಮಣ್ಣು, ಕೆಸರು ಎಳೆದು ಹಿಡಿಯುವುದು ಇದಕ್ಕೆ ಮೇಲಿನ ಖರ್ಚು.

ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಆ ಎರಡು ವಾರ ನಾನು ಬೇಗ ಹತ್ತಿದ್ದು ಸೈಕಲ್ ಚೆನ್ನಾಗಿದೆ ಎಂದಲ್ಲ. ನಿಧಾನವಾಗಿ ಹತ್ತುವ ದಾರಿಯೇ ಇರಲಿಲ್ಲ. ಒಂದೋ 9 ಕಿ.ಮೀ. ವೇಗದಲ್ಲಿ ಹತ್ತಬೇಕು, ಇಲ್ಲಾ ಇಳಿದು ತಳ್ಳಬೇಕು. ಒಂದೆರಡು ನಿಮಿಷದ ಏರಾದರೆ ದೇಹ ಹೇಗೋ ಆ ಶಕ್ತಿ ಕೊಟ್ಟುಬಿಡುತ್ತದೆ. ಇಪ್ಪತ್ತು ನಿಮಿಷದ ಏರಾದರೆ ಕೊಡುವುದಿಲ್ಲ. ಹಾಗಾಗಿ ಚಿಕ್ಕ ಚಿಕ್ಕ ಏರಿಳಿತದ ದಾರಿಯಲ್ಲಿ ಸಿಂಗಲ್ ಸ್ಪೀಡ್ ಖುಷಿ ಕೊಡುತ್ತದೆ. ಮುಳ್ಳಯ್ಯನಗಿರಿಯಂಥ 1930 ಮೀಟರ್ ಎತ್ತರದ ಬೆಟ್ಟಕ್ಕೆ ಹೋಗುವ ಉದ್ದದ ಘಾಟಿ ರಸ್ತೆಯಲ್ಲಿ ಅದೇ ಸೈಕಲ್ ಹಿಂಸೆ ಕೊಡುತ್ತದೆ.

ಕಾಲಿನ ಮೇಲೆ ಬೀಳುವ ಭಾರವನ್ನೂ ಲೆಕ್ಕ ಹಾಕಬಹುದು. ಅದೇ ಏರು, ಅದೇ 85 ಕಿಲೋ, 175 ಮಿಲಿಮೀಟರ್ ಉದ್ದದ ಕ್ರ್ಯಾಂಕ್, ಅಂದರೆ ಪೆಡಲನ್ನು ಹಿಡಿದಿರುವ ಕೈ. ಒಂದೇ ಗೇರಿನಲ್ಲಿ ಪೆಡಲ್ ಮೇಲೆ ಸರಾಸರಿ 28 ಕಿಲೋ ಭಾರ ಹಾಕುತ್ತಲೇ ಇರಬೇಕು. ಪೆಡಲ್ ನೆತ್ತಿಯಲ್ಲಿ ಮತ್ತು ಕೆಳತುದಿಯಲ್ಲಿ ಇರುವಾಗ ನಾವು ಒತ್ತಿದ್ದು ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಅದು ಅಡ್ಡಕ್ಕೆ ಬಂದಾಗ ಹೆಚ್ಚುಕಡಿಮೆ ಅದರ ಎರಡರಷ್ಟು, 55 ಕಿಲೋ ಹತ್ತಿರ ಒತ್ತಬೇಕಾಗುತ್ತದೆ. ಗೇರ್ ಸೈಕಲ್ಲಿನ ಅತಿ ಸಣ್ಣ ಗೇರಿನಲ್ಲಿ ಇದೇ ಸರಾಸರಿ 11 ಕಿಲೋ ಅಷ್ಟೇ.

ಸಿಂಗಲ್ ಸ್ಪೀಡ್ ಸವಾರರು ಏರಿನಲ್ಲಿ ಸೀಟಿನಿಂದ ಎದ್ದು ನಿಲ್ಲುವುದು ಯಾಕೆ ಎಂದು ಈಗ ಗೊತ್ತಾಗುತ್ತದೆ ಅಲ್ವಾ? ಕೂತು ಒತ್ತಿದರೆ ಇಷ್ಟು ಭಾರ ಬರುವುದಿಲ್ಲ. ಎದ್ದು ನಿಂತರೆ ಮೈತೂಕವೇ ಪೆಡಲಿನ ಮೇಲೆ ಬೀಳುತ್ತದೆ. ಏರು ಇನ್ನೂ ಕಡಿದಾದರೆ ಮೈತೂಕವೂ ಸಾಲದು. ಆಗ ಹ್ಯಾಂಡಲನ್ನು ಮೇಲಕ್ಕೆ ಎಳೆದುಕೊಂಡು ಕಾಲನ್ನು ಕೆಳಕ್ಕೆ ತುಳಿಯಬೇಕು. ಬಾವಿಯಿಂದ ಕೊಡ ಸೇದುವಾಗ ಬೆನ್ನು, ತೋಳು, ಸೊಂಟ ಎಲ್ಲಾ ಒಟ್ಟಿಗೆ ಕೆಲಸ ಮಾಡುವ ಹಾಗೆ ಇಲ್ಲೂ ಇಡೀ ಮೈ ದುಡಿಯುತ್ತದೆ. ಅಗಲದ ಹ್ಯಾಂಡಲ್ ಇದ್ದರೆ ಹಿಡಿತ ಚೆನ್ನಾಗಿ ಸಿಗುತ್ತದೆ.

ಇಲ್ಲಿಂದಲೇ ಮಂಡಿಯ ವಿಷಯ ಬರುತ್ತದೆ. ಇದನ್ನು ನಾನು ಹಗುರವಾಗಿ ಹೇಳುವುದಿಲ್ಲ. ನಿಧಾನವಾಗಿ, ತುಂಬಾ ಒತ್ತಿ ತುಳಿಯುವುದು ಮಂಡಿಚಿಪ್ಪಿನ ಸುತ್ತ ಒತ್ತಡ ಹೆಚ್ಚಿಸುತ್ತದೆ. ಸೀಟಿನ ಎತ್ತರ ತಪ್ಪಿದ್ದರೆ, ಮೊದಲೇ ಮಂಡಿ ನೋವಿದ್ದರೆ, ದಿಢೀರನೆ ದೂರ ಹೆಚ್ಚಿಸಿದರೆ ನೋವು ಕಟ್ಟಿಟ್ಟ ಬುತ್ತಿ. ತೊಡೆಯ ಮಾಂಸಖಂಡ ನೋಯುವುದು ಬೇರೆ, ಅದು ಎರಡು ದಿನದಲ್ಲಿ ಹೋಗುತ್ತದೆ. ಮಂಡಿಯ ಮುಂಭಾಗದಲ್ಲಿ, ಮೆಟ್ಟಿಲು ಇಳಿಯುವಾಗ ನೋವು ಬಂದರೆ ಹಟ ಮಾಡಬೇಡಿ. ಹಿಂದೆ ಎರಡು ಹಲ್ಲು ಜಾಸ್ತಿ ಇರುವ ಚಕ್ರ ಹಾಕಿಸಿ, ಇಲ್ಲವೇ ಗೇರ್ ಸೈಕಲ್ ಹಿಡಿಯಿರಿ. ನೋವು ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಏರಿನಲ್ಲಿ ಇಳಿದು ತಳ್ಳುವುದರಲ್ಲಿ ಅವಮಾನ ಏನೂ ಇಲ್ಲ. ವರ್ಷಗಟ್ಟಲೆ ಸಿಂಗಲ್ ಸ್ಪೀಡ್ ಓಡಿಸಿದವರೂ ತಳ್ಳುತ್ತಾರೆ.

ಮೌಂಟೇನ್ ಬೈಕ್ ಹುಟ್ಟಿದ ಕಥೆಯಲ್ಲೇ ಈ ಕಷ್ಟ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಟಮಲ್ಪಾಯಸ್ ಎಂಬ ಬೆಟ್ಟದ ಸುತ್ತಮುತ್ತ 1970ರ ದಶಕದಲ್ಲಿ ಕೆಲವು ಹುಡುಗರು ಹಳೆಯ, ದಪ್ಪ ಟೈರಿನ, ಒಂದೇ ಗೇರಿನ ಸೈಕಲ್ಲುಗಳಲ್ಲಿ ಮಣ್ಣಿನ ದಾರಿ ಇಳಿಯುತ್ತಿದ್ದರು. ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಆ ಗುಂಪಿನವರು. 1976ರ ಅಕ್ಟೋಬರ್ 21ರಂದು ಅವರು ಇಳಿಜಾರಿನಲ್ಲಿ ಒಂದು ರೇಸ್ ಶುರು ಮಾಡಿದರು. ಹೆಸರು ರೀಪ್ಯಾಕ್. ಆ ಸೈಕಲ್ಲುಗಳಿಗೆ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಹಿಂದಿನ ಚಕ್ರದ ನಡುವಿನ ಹಬ್ ಎಂಬ ಭಾಗದೊಳಗೆ ಇರುತ್ತಿತ್ತು. ಒಂದು ಸಲ ಇಳಿಯುವಷ್ಟರಲ್ಲಿ ಹಬ್ ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸ್ ತುಂಬಬೇಕು. ರೀಪ್ಯಾಕ್ ಎನ್ನುವ ಹೆಸರು ಬಂದಿದ್ದು ಹಾಗೆ.

ಇಳಿಯಲು ಒಂದೇ ಗೇರ್ ಸಾಕಿತ್ತು. ಹತ್ತುವುದಕ್ಕೆ ಸಾಕಾಗಲಿಲ್ಲ. ತಳ್ಳಿಕೊಂಡು ಹೋಗುತ್ತಿದ್ದರು, ಇಲ್ಲಾ ಪಿಕಪ್ ಲಾರಿಯಲ್ಲಿ ಸೈಕಲ್ ಏರಿಸುತ್ತಿದ್ದರು. ಬೆಟ್ಟವನ್ನು ತುಳಿದೇ ಹತ್ತಬೇಕು ಎಂಬ ಆಸೆಗೆ ಗೇರ್ ಬಂತು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಸ್ಟಂಪ್‌ಜಂಪರ್ ಎಂಬ ಬೈಕನ್ನು ದೊಡ್ಡ ಸಂಖ್ಯೆಯಲ್ಲಿ ಮಾರಲು ಶುರು ಮಾಡಿತು. ಅದರಲ್ಲಿ 15 ಗೇರ್ ಇತ್ತು. ಮುಂದೆ 1990ರ ದಶಕದಲ್ಲಿ ಕೆಲವರು ಗೇರ್ ಬಿಚ್ಚಿಟ್ಟು ವಾಪಸ್ ಒಂದಕ್ಕೇ ಬಂದರು. ಈಗ ಸಿಂಗಲ್ ಸ್ಪೀಡ್ ವಿಶ್ವ ಚಾಂಪಿಯನ್‌ಶಿಪ್ ಎಂಬುದೂ ನಡೆಯುತ್ತದೆ. 2009ರಲ್ಲಿ ಅಮೆರಿಕದ ಡುರಾಂಗೊದಲ್ಲಿ, 2010ರಲ್ಲಿ ನ್ಯೂಜಿಲೆಂಡಿನ ರೊಟೊರುವಾದಲ್ಲಿ ಆಯಿತು. ಗೆದ್ದವರಿಗೆ ಕೊಡುವ ಬಹುಮಾನ ಮೈಮೇಲೆ ಹಾಕಿಸಿಕೊಳ್ಳುವ ಹಚ್ಚೆ.

ಬಯಲು

ಇನ್ನೊಂದು ತುದಿ. ಕಾಡಿನ ದಾರಿ ಮುಗಿದು ಡಾಂಬರು ರಸ್ತೆ ಬಂತು ಎಂದುಕೊಳ್ಳಿ. ಗೆಳೆಯರೆಲ್ಲ ದೊಡ್ಡ ಗೇರ್ ಹಾಕಿಕೊಂಡು 28 ಕಿ.ಮೀ. ವೇಗದಲ್ಲಿ ಹೊರಟರು. ನೀವು 3.7 ಮೀಟರಿನಲ್ಲಿ ಅವರ ಜೊತೆ ಹೋಗಬೇಕಾದರೆ ನಿಮಿಷಕ್ಕೆ 126 ಸುತ್ತು ತುಳಿಯಬೇಕು. ಅರ್ಧ ನಿಮಿಷ ಮಾಡಬಹುದು. ಆಮೇಲೆ ಸೀಟಿನ ಮೇಲೆ ಮೈ ಕುಣಿಯಲು ಶುರುವಾಗುತ್ತದೆ, ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಸುಮ್ನೆ 20 ಕಿ.ಮೀ. ವೇಗದಲ್ಲಿ ಹಿಂದೆ ಬರುವುದೇ ಸರಿ.

ಇದು ಚಿಕ್ಕ ವಿಷಯ ಅಂತ ಹಲವರು ತಳ್ಳಿಹಾಕುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಬೆಂಗಳೂರಿನವರನ್ನೇ ತೆಗೆದುಕೊಳ್ಳಿ. ತುರಹಳ್ಳಿ ಕಾಡಿನ ದಾರಿಯಲ್ಲಿ ಸಿಂಗಲ್ ಸ್ಪೀಡ್ ಚೆಂದ. ಆದರೆ ಅಲ್ಲಿಗೆ ಹೋಗಲು ಮನೆಯಿಂದ 15 ಕಿ.ಮೀ. ಡಾಂಬರು ತುಳಿಯಬೇಕು, ಬರುವಾಗ ಮತ್ತೆ 15. ಮಣ್ಣಿನಲ್ಲಿ ಓಡಿಸುವುದು ಒಂದು ಗಂಟೆ, ರಸ್ತೆಯಲ್ಲಿ ಒಂದೂವರೆ ಗಂಟೆ. ಅಂಥವರಿಗೆ ಈ ಸೈಕಲ್ ಬೇಸರ ತರಿಸುತ್ತದೆ. ಮನೆ ಬಾಗಿಲಿನಿಂದಲೇ ಮಣ್ಣಿನ ದಾರಿ ಶುರುವಾಗುವವರ ಮಾತು ಬೇರೆ.

ಗುಂಪಿನಲ್ಲಿ ಹೋಗುವಾಗ ಏರಿನಲ್ಲೂ ತೊಡಕು ಇದೆ. ಮುಂದಿನವರು ಗೇರ್ ಇಳಿಸಿ 5 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತಾರೆ. ನಿಮಗೆ 9ರಲ್ಲಿ ಹೋಗಲೇಬೇಕು. ಕಿರಿದಾದ ದಾರಿಯಲ್ಲಿ ದಾಟುವ ಹಾಗಿಲ್ಲ, ನಿಧಾನ ಮಾಡುವ ಹಾಗೂ ಇಲ್ಲ. ನಾನು ನನ್ನ ಗೆಳೆಯನಿಗೆ ಮೊದಲೇ ಹೇಳಿಬಿಡುತ್ತೇನೆ, "ಏರಿನಲ್ಲಿ ನನ್ನನ್ನ ಮುಂದೆ ಬಿಡೋ ಮಾರಾಯ, ಮೇಲೆ ಕಾಯ್ತೀನಿ" ಅಂತ. ಬಯಲಿನಲ್ಲಿ ಅವನು ಕಾಯುತ್ತಾನೆ.

ಕೆಸರು ಮತ್ತು ಸ್ಪಾನರ್

ಇಷ್ಟೆಲ್ಲ ಕಷ್ಟ ಇದ್ದೂ ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಗೇರಿನ ಸೈಕಲ್ಲನ್ನೇ ಹೊರಗೆ ತೆಗೆಯುತ್ತೇನೆ. ಕಾರಣ ಕೆಸರು.

ಗೇರ್ ಸೈಕಲ್ಲಿನ ಹಿಂಭಾಗ ನೋಡಿ. 12 ಹಲ್ಲುಚಕ್ರ ಒಂದರ ಪಕ್ಕ ಒಂದು, ಮಧ್ಯೆ ಸಣ್ಣ ಸಂದು. ಅಲ್ಲಿ ಮಣ್ಣು ಕೂತರೆ ಚೈನ್ ಸರಿಯಾಗಿ ಇಳಿಯುವುದಿಲ್ಲ. ಕೆಳಗೆ ಜೋತುಬಿದ್ದ ಡಿರೇಲರ್, ಅದರಲ್ಲಿ ಎರಡು ಪುಟ್ಟ ಗಾಲಿ, ಒಂದು ಸ್ಪ್ರಿಂಗು, ಹ್ಯಾಂಡಲಿನಿಂದ ಬರುವ ಕೇಬಲ್. ಕೇಬಲ್ಲಿನ ಹೊದಿಕೆಯೊಳಗೆ ನೀರು ಹೋದರೆ ತುಕ್ಕು, ತುಕ್ಕು ಬಂದರೆ ಗೇರ್ ಬೀಳುವುದು ತಡ. ಇದರಲ್ಲಿ ಯಾವುದೂ ಕೆಟ್ಟ ವಸ್ತು ಅಲ್ಲ. ಆದರೆ ಒಂದೊಂದಕ್ಕೂ ಗಮನ ಬೇಕು, ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಬೇಕು.

ಸಿಂಗಲ್ ಸ್ಪೀಡಿನಲ್ಲಿ ಇರುವುದು ಮೂರೇ ವಸ್ತು. ಮುಂದೊಂದು ಹಲ್ಲುಚಕ್ರ, ಹಿಂದೊಂದು, ಒಂದು ಚೈನ್. ಮನೆಗೆ ಬಂದು ಒಂದು ಬಕೆಟ್ ನೀರು ಹಾಕಿ, ಬಟ್ಟೆಯಲ್ಲಿ ಒರೆಸಿ, ಚೈನಿಗೆ ಎಣ್ಣೆ ಬಿಟ್ಟರೆ ಮುಗಿಯಿತು. ಕಲ್ಲಿಗೆ ತಾಗಿ ಮುರಿಯುವಂಥದ್ದು ಕೆಳಗೆ ಏನೂ ಜೋತಾಡುವುದಿಲ್ಲ. ಹಿಂದಿನ ದೊಡ್ಡ ಹಲ್ಲುಚಕ್ರಗಳ ಕಟ್ಟು, ಡಿರೇಲರ್, ಹ್ಯಾಂಡಲಿನಲ್ಲಿ ಗೇರ್ ಬದಲಿಸುವ ಶಿಫ್ಟರ್, ಕೇಬಲ್ ಎಲ್ಲಾ ಸೇರಿ ಸುಮಾರು ಒಂದು ಕಿಲೋ ತೂಕವೂ ಇಳಿಯುತ್ತದೆ. ಅದರಲ್ಲಿ ಹೆಚ್ಚಿನದು ಹಿಂದಿನ ಚಕ್ರದ ಕಡೆಯ ತೂಕ. ಸೈಕಲ್ ಎತ್ತಿ ಬೇಲಿ ದಾಟಿಸುವಾಗ, ಕಲ್ಲಿನ ಮೇಲೆ ಹಾರಿಸುವಾಗ ಇದು ಗೊತ್ತಾಗುತ್ತದೆ.

ಚೈನ್ ಬಾಳಿಕೆಯೂ ಜಾಸ್ತಿ. ಗೇರ್ ಸೈಕಲ್ಲಿನ ಚೈನ್ ಕೊನೆಯ ಗೇರುಗಳಲ್ಲಿ ಓರೆಯಾಗಿ ಓಡುತ್ತದೆ, ಜೊತೆಗೆ ಪಕ್ಕಕ್ಕೆ ಬಗ್ಗಿ ದಾಟಬೇಕಾದ್ದರಿಂದ ತೆಳ್ಳಗೂ ಇರುತ್ತದೆ. ಒಂದೇ ಗೇರಿನಲ್ಲಿ ಅದು ನೇರವಾಗಿ ಓಡುತ್ತದೆ, ದಪ್ಪ ಚೈನನ್ನೇ ಹಾಕಬಹುದು. ಹಾಗಂತ ಸವೆಯುವುದೇ ಇಲ್ಲ ಎಂದಲ್ಲ. ಸೈಕಲ್ ಚೈನಿನ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಹೊಸ ಚೈನಿನಲ್ಲಿ 24 ಕೊಂಡಿ ಅಳೆದರೆ 12 ಇಂಚು ಬರಬೇಕು. ಸ್ಕೇಲ್ ಇಟ್ಟು ನೋಡಿ. 12 ಇಂಚಿನ ಮೇಲೆ ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನ್ ಬದಲಿಸುವ ಹೊತ್ತು ಬಂತು. ಎಂಟನೇ ಒಂದು ಭಾಗ ಹೆಚ್ಚಾಗಿದ್ದರೆ ಹಲ್ಲುಗಳೂ ಸವೆದಿರುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಲಾಭ ಬೇರೆ ಇದೆ. ಗೇರ್ ಇಲ್ಲದಿದ್ದಾಗ ಕಣ್ಣು ದಾರಿಯ ಮೇಲೆ ಇರುತ್ತದೆ. ಮುಂದೆ ಏರು ಬರುತ್ತಿದೆ ಎಂದರೆ ಈಗಲೇ ವೇಗ ಕೂಡಿಸಬೇಕು, ಏಕೆಂದರೆ ಏರಿನ ಬುಡದಲ್ಲಿ ಬ್ರೇಕ್ ಹಿಡಿದರೆ ಆಮೇಲೆ ಉಳಿಸಿಕೊಳ್ಳಲು ಏನೂ ಇರುವುದಿಲ್ಲ. ತಿರುವಿನಲ್ಲಿ ಎಷ್ಟು ಕಡಿಮೆ ಬ್ರೇಕ್ ಹಿಡಿಯಬಹುದು, ಯಾವ ಬೇರಿನ ಪಕ್ಕ ಹೋದರೆ ಟೈರ್ ಜಾರುವುದಿಲ್ಲ, ಇದೆಲ್ಲ ಒಂದು ಮಳೆಗಾಲದಲ್ಲಿ ಕಾಲಿಗೇ ಗೊತ್ತಾಗುತ್ತದೆ. ಗೇರ್ ಸೈಕಲ್ಲಿನಲ್ಲಿ ಎರಡು ವರ್ಷ ಓಡಿಸಿಯೂ ನಾನು ಇದನ್ನು ಕಲಿತಿರಲಿಲ್ಲ. ಈಗ ಗೇರ್ ಸೈಕಲ್ ಹತ್ತಿದಾಗಲೂ ಆ ಕಲಿಕೆ ಜೊತೆಗೇ ಬರುತ್ತದೆ.

ಮತ್ತೆ, ಸದ್ದಿಲ್ಲ. ಚೈನ್ ಫ್ರೇಮಿಗೆ ಬಡಿಯುವ ಪಟಪಟ ಇಲ್ಲ. ಬೆಳಿಗ್ಗೆ ತೋಟದಲ್ಲಿ ಕಾಡುಕೋಳಿ ಕೂಗುವುದು ಪೂರ್ತಿ ಕೇಳುತ್ತದೆ. ಮೂಡಿಗೆರೆ, ಸಕಲೇಶಪುರ ಕಡೆಯವರು ಮಾತ್ರ ಒಂದು ಎಚ್ಚರ ಇಟ್ಟುಕೊಳ್ಳಿ. ಆನೆ ಓಡಾಡುವ ದಾರಿಯಲ್ಲಿ ಸದ್ದಿಲ್ಲದೆ ತಿರುವು ತಿರುಗುವುದು ಒಳ್ಳೆಯದಲ್ಲ. ಬೆಲ್ ಇಟ್ಟುಕೊಳ್ಳಿ, ಬೆಲ್ ಹೊಡೆಯಿರಿ. ಆನೆ ಬಂದಿದೆ ಎಂದು ಊರವರು ಹೇಳಿದ ದಿನ ಹೋಗಲೇಬೇಡಿ.

ಇರುವ ಸೈಕಲ್ಲನ್ನೇ ಬದಲಿಸುವುದಾದರೆ

ಆ ದಿನ ಸೈಕಲ್ ಶಾಪಿನಲ್ಲಿ ಮಾಡಿಕೊಟ್ಟಿದ್ದು ಸದ್ಯದ ಉಪಾಯ. ಎರಡು ಸಲ ಚೈನ್ ತಾನಾಗಿ ಪಕ್ಕದ ದೊಡ್ಡ ಹಲ್ಲುಚಕ್ರಕ್ಕೆ ಹತ್ತಿ ಬಿಗಿದುಕೊಂಡಿತು. ಮೆಕ್ಯಾನಿಕ್ ತಪ್ಪಲ್ಲ ಅದು. ಗೇರ್ ಸೈಕಲ್ಲಿನ ಹಲ್ಲುಗಳನ್ನು ಚೈನ್ ಸುಲಭವಾಗಿ ದಾಟಲಿ ಎಂದೇ ಗಿಡ್ಡವಾಗಿ, ಓರೆಯಾಗಿ ಕತ್ತರಿಸಿರುತ್ತಾರೆ. ಸಿಂಗಲ್ ಸ್ಪೀಡಿಗೆ ಮಾಡಿದ ಹಲ್ಲುಚಕ್ರದಲ್ಲಿ ಹಲ್ಲು ಎತ್ತರವಾಗಿ, ನೇರವಾಗಿ ಇರುತ್ತದೆ. ಚೈನ್ ಬಿಟ್ಟು ಹೋಗುವುದಿಲ್ಲ.

ಪಕ್ಕಾ ಮಾಡಬೇಕಾದರೆ ಹಿಂದಿನ ಹಬ್ಬಿನಿಂದ ಹಲ್ಲುಚಕ್ರಗಳ ಕಟ್ಟು ತೆಗೆದು, ಒಂದೇ ಚಕ್ರ ಹಾಕಿ, ಉಳಿದ ಜಾಗಕ್ಕೆ ಬಳೆಯಂಥ ಸ್ಪೇಸರ್ ತುಂಬಬೇಕು. ಸ್ಪೇಸರುಗಳನ್ನು ಆಚೀಚೆ ಮಾಡಿ ಹಿಂದಿನ ಹಲ್ಲು ಮುಂದಿನದಕ್ಕೆ ನೇರ ಬರುವ ಹಾಗೆ ಕೂರಿಸಬೇಕು. ಹಿಂದಿನಿಂದ ಕೂತು ಒಂದು ಕಣ್ಣು ಮುಚ್ಚಿ ನೋಡಿದರೆ ಚೈನ್ ಸೊಟ್ಟ ಇದೆಯೋ ಇಲ್ಲವೋ ತಿಳಿಯುತ್ತದೆ.

ನಿಜವಾದ ತಲೆನೋವು ಚೈನ್ ಬಿಗಿ ಮಾಡುವುದು. ಗೇರ್ ಸೈಕಲ್ಲಿನಲ್ಲಿ ಸಡಿಲವನ್ನು ಡಿರೇಲರಿನ ಸ್ಪ್ರಿಂಗ್ ಎಳೆದು ಹಿಡಿಯುತ್ತದೆ. ಅದು ಹೋದಮೇಲೆ ಯಾರು ಹಿಡಿಯಬೇಕು? ಹಳೆಯ ಸೈಕಲ್ಲಿನಲ್ಲಿ ಹಿಂದಿನ ಆಕ್ಸಲ್ ಕೂರುವ ಸೀಳು ಅಡ್ಡವಾಗಿರುತ್ತದೆ. ನಟ್ ಸಡಿಲಿಸಿ ಚಕ್ರವನ್ನು ಹಿಂದೆ ಎಳೆದರೆ ಚೈನ್ ಬಿಗಿಯಾಯಿತು. ಈಗಿನ ಗೇರ್ ಸೈಕಲ್ಲುಗಳಲ್ಲಿ ಆ ಸೀಳು ನೇರ ಕೆಳಕ್ಕೆ ಇರುತ್ತದೆ, ಇಲ್ಲಾ ಬರೀ ತೂತು ಇರುತ್ತದೆ. ಚಕ್ರ ಹಿಂದೆ ಮುಂದೆ ಸರಿಯುವುದಿಲ್ಲ. ಅಂಥದ್ದಕ್ಕೆ ಸ್ಪ್ರಿಂಗ್ ಇರುವ ಟೆನ್ಷನರ್ ಹಾಕಬೇಕು. ಒಂದು ಗಾಲಿ ಇರುವ ಪುಟ್ಟ ಕೈ ಅದು. ಅದೂ ಹ್ಯಾಂಗರಿಗೇ ಸಿಕ್ಕಿಸುವುದರಿಂದ ಮುರಿಯುವ ಭಯ ಪೂರ್ತಿ ಹೋಗುವುದಿಲ್ಲ. ಹಿಂದೆ ಶಾಕ್ ಇರುವ ಸೈಕಲ್ಲಂತೂ ಈ ಕೆಲಸಕ್ಕೆ ಬೇಡವೇ ಬೇಡ. ಅದು ಕುಣಿದಾಗಲೆಲ್ಲ ಮುಂದಿನ, ಹಿಂದಿನ ಹಲ್ಲುಚಕ್ರಗಳ ನಡುವಿನ ದೂರ ಬದಲಾಗುತ್ತಿರುತ್ತದೆ.

ಬಿಗಿ ಎಷ್ಟಿರಬೇಕು? ಚೈನಿನ ಮಧ್ಯದಲ್ಲಿ ಬೆರಳಿಟ್ಟು ಅಲ್ಲಾಡಿಸಿದರೆ ಸುಮಾರು ಅರ್ಧ ಇಂಚು ಮೇಲೆ ಕೆಳಗೆ ಆಡಬೇಕು. ಪೆಡಲನ್ನು ಪೂರ್ತಿ ಸುತ್ತು ತಿರುಗಿಸುತ್ತಾ ನೋಡಿ, ಏಕೆಂದರೆ ಯಾವ ಚೈನ್‌ವೀಲೂ ನೂರಕ್ಕೆ ನೂರು ದುಂಡಗೆ ಇರುವುದಿಲ್ಲ. ಅತಿ ಬಿಗಿಯಾಗುವ ಜಾಗದಲ್ಲೂ ಸ್ವಲ್ಪ ಆಟ ಉಳಿದಿರಬೇಕು.

ಇನ್ನು ಅಂಗಡಿಯಲ್ಲಿ ಸಿಗುವ ಗೇರಿಲ್ಲದ, ದಪ್ಪ ಟೈರಿನ ಸೈಕಲ್. ಎಷ್ಟೋ ಊರಲ್ಲಿ ಇದಕ್ಕೆ ರೇಂಜರ್ ಸೈಕಲ್ ಎಂದೇ ಹೆಸರು. ನಮ್ಮ ಹೆಚ್ಚಿನ ಮಕ್ಕಳ ಕೈಯಲ್ಲಿ ಇರುವುದು ಇದು, ಹಾಗಾಗಿ ಇದರ ಬಗ್ಗೆ ನನಗೆ ಕಾಳಜಿ ಜಾಸ್ತಿ. ನೋಡಲು ಮೌಂಟೇನ್ ಬೈಕ್. ಏರಿನಲ್ಲಿ ಮಾತ್ರ ಮಗು ಇಳಿದು ತಳ್ಳುತ್ತದೆ. ಹಲ್ಲು ಎಣಿಸಿ ನೋಡಿ. ಮುಂದೆ 44, ಹಿಂದೆ 18 ಇದ್ದರೆ 26 ಇಂಚಿನ ಚಕ್ರದಲ್ಲಿ ಒಂದು ತುಳಿತಕ್ಕೆ ಸುಮಾರು 5 ಮೀಟರ್. ಸಮತಟ್ಟಾದ ಡಾಂಬರು ರಸ್ತೆಗೆ ಇದು ಸರಿ. ಕೊಪ್ಪ, ಶೃಂಗೇರಿ ಕಡೆಯ ಏರಿಗೆ ಇದು ದೊಡ್ಡವರಿಗೂ ಭಾರ.

ಇದಕ್ಕೆ ಕಡಿಮೆ ಖರ್ಚಿನ ಪರಿಹಾರ ಇದೆ. ಹಿಂದಿನ 18 ಹಲ್ಲಿನ ಫ್ರೀವೀಲ್ ಬಿಚ್ಚಿಸಿ 22 ಹಲ್ಲಿನದು ಹಾಕಿಸಿ. ಒಂದು ತುಳಿತಕ್ಕೆ 5 ಮೀಟರ್ ಇದ್ದದ್ದು ಸುಮಾರು 4.1ಕ್ಕೆ ಇಳಿಯುತ್ತದೆ. ಅದೇ ಏರಿಗೆ ಕಾಲಿನ ಮೇಲಿನ ಭಾರ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ. ಕೆಲವು ನೂರು ರೂಪಾಯಿಯ ಕೆಲಸ. ನಾಲ್ಕು ಹಲ್ಲು ಹೆಚ್ಚಾದಾಗ ಅದೇ ಚೈನಿಗೆ ಹಿಂದಿನ ಚಕ್ರ ಸುಮಾರು 12-13 ಮಿಲಿಮೀಟರ್ ಮುಂದೆ ಸರಿಯಬೇಕಾಗುತ್ತದೆ. ಸೀಳಿನಲ್ಲಿ ಅಷ್ಟು ಜಾಗ ಇದ್ದರೆ ಸರಿ. ಇಲ್ಲದಿದ್ದರೆ ಚೈನಿಗೆ ಒಂದು ಇಂಚು, ಅಂದರೆ ಎರಡು ಕೊಂಡಿ ಸೇರಿಸಿದರೆ ಚಕ್ರ ಇದ್ದಲ್ಲೇ ಕೂರುತ್ತದೆ. ಚಕ್ರ ಸರಿದಿದ್ದರೆ ಬ್ರೇಕ್ ಕಟ್ಟೆ ರಿಮ್ಮಿನ ಮೇಲೆ ಸರಿಯಾಗಿ ಕೂತಿದೆಯೇ ಎಂದು ಮರೆಯದೆ ನೋಡಿಸಿ. ಅಕ್ಕನ ಮಗನ ಸೈಕಲ್ಲಿಗೆ ಹೀಗೆ ಮಾಡಿಸಿದ ಮೇಲೆ ಅವನು ಶಾಲೆಯ ಹತ್ತಿರದ ಏರನ್ನು ಇಳಿಯದೆ ಹತ್ತುತ್ತಾನೆ. ಬಯಲಿನಲ್ಲಿ ಸ್ವಲ್ಪ ನಿಧಾನ, ಅವನಿಗೆ ಅದು ಬೇಜಾರಿಲ್ಲ.

ದೊಡ್ಡವರಿಗೆ ಹೊಸದಾಗಿ ಶುರು ಮಾಡಲು ನಾನು ಹೇಳುವುದು ಇಷ್ಟು. 26 ಇಂಚಿನ ಚಕ್ರವಾದರೆ ಮುಂದಿನ ಹಲ್ಲು ಹಿಂದಿನದರ ಎರಡರಷ್ಟು ಇರಲಿ, 32ಕ್ಕೆ 16. ಇದು ಸಿಂಗಲ್ ಸ್ಪೀಡಿನವರ ಹಳೆಯ ಲೆಕ್ಕ. ದೊಡ್ಡ 29 ಇಂಚಿನ ಚಕ್ರಕ್ಕೆ 32ಕ್ಕೆ 18ರಿಂದ 20. ಗುಡ್ಡಗಾಡಾದರೆ 20, 22. ಅನುಮಾನ ಬಂದರೆ ಹಗುರವಾದದ್ದನ್ನೇ ಆರಿಸಿ. ಬಯಲಿನಲ್ಲಿ ನಿಧಾನವಾದರೆ ಹೊತ್ತು ಹೋಗುತ್ತದೆ ಅಷ್ಟೇ, ಏರಿನಲ್ಲಿ ಭಾರವಾದರೆ ಮಂಡಿ ಹೋಗುತ್ತದೆ.

ಸಾಮಾನು ಕಟ್ಟಿಕೊಂಡು ದಿನಗಟ್ಟಲೆ ಹೋಗುವವರಿಗೆ ನಾನು ಸಿಂಗಲ್ ಸ್ಪೀಡ್ ಹೇಳುವುದಿಲ್ಲ. ಕೆನಡಾದಿಂದ ಮೆಕ್ಸಿಕೊ ಗಡಿಯವರೆಗೆ ಸುಮಾರು 4,400 ಕಿ.ಮೀ. ಇರುವ ಟೂರ್ ಡಿವೈಡ್ ದಾರಿಯನ್ನು ಒಂದೇ ಗೇರಿನಲ್ಲಿ ಮುಗಿಸಿದವರು ಇದ್ದಾರೆ, ನಿಜ. ಅವರು ವರ್ಷಗಟ್ಟಲೆ ಅದಕ್ಕಾಗಿ ಮೈ ಪಳಗಿಸಿದವರು. ಅರವತ್ತು ದಾಟಿದವರು, ಮಂಡಿಗೆ ಪೆಟ್ಟು ಬಿದ್ದವರು, ಈಗಷ್ಟೇ ಸೈಕಲ್ ಶುರು ಮಾಡಿದವರಿಗೆ ಗೇರ್ ಇರುವುದೇ ಒಳ್ಳೆಯದು.

ದುಡ್ಡು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮ ಗೇರ್ ಸೈಕಲ್ಲಿನಲ್ಲಿ ಒಂದು ತುಳಿತಕ್ಕೆ 3.7 ಮೀಟರಿಗೆ ಹತ್ತಿರ ಬರುವ ಗೇರ್ ಯಾವುದು ಎಂದು ಹಲ್ಲು ಎಣಿಸಿ ಹುಡುಕಿ. ಚೈನನ್ನು ಅದಕ್ಕೆ ಹಾಕಿ, ಶಿಫ್ಟರಿನ ಮೇಲೆ ಗಟ್ಟಿಯಾಗಿ ಒಂದು ಟೇಪ್ ಸುತ್ತಿ. ಒಂದು ತಿಂಗಳು ನಿಮ್ಮದೇ ದಾರಿಯಲ್ಲಿ ಹಾಗೇ ಓಡಿಸಿ. ಪ್ರತಿ ಸಲ ಎಷ್ಟು ಕಡೆ ಇಳಿದು ತಳ್ಳಿದಿರಿ ಎಂದು ಬರೆದಿಡಿ. ಮೊದಲ ವಾರ ಐದು ಕಡೆ ಇಳಿದವರು ನಾಲ್ಕನೇ ವಾರ ಎರಡೇ ಕಡೆ ಇಳಿದರೆ, ಮಂಡಿಯೂ ತಕರಾರು ಮಾಡದಿದ್ದರೆ, ಸ್ಪೇಸರ್ ಕೊಳ್ಳಲು ಅಂಗಡಿಗೆ ಹೋಗಬಹುದು. ಎರಡನೇ ವಾರಕ್ಕೇ ಟೇಪ್ ಕೀಳಬೇಕು ಅನಿಸಿದರೆ ಕಿತ್ತುಬಿಡಿ, ಅಲ್ಲಿಗೆ ಖರ್ಚು ಒಂದು ತುಂಡು ಟೇಪು.